ಚಿಕ್ಕಮ್ಮನಿಗೆ ನಾನು ಮಾಡಿದ ಎದೆಯ ಪಾಠ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಮೊಲೆಯ ವಿಷಯದಲ್ಲಿ ಒಬ್ಬ ಹೆಂಗಸಿಗೆ ಬುದ್ಧಿ ಹೇಳಲು ಹೋದ ಗಂಡಸು ನಾನು. ಅದೂ ಎಂಥ ಹೆಂಗಸಿಗೆ? ಬದಿಯಡ್ಕದ ಬಸ್‌ಸ್ಟ್ಯಾಂಡಿನ ಹತ್ತಿರ ಹೆಂಗಸರ ಸಂಘದ ಕ್ಯಾಂಟೀನು ನಡೆಸುವ, ಸಾಂಬಾರಿಗೆ ಉಪ್ಪು ಸಾಲದು ಎಂದವನ ಕೈಗೆ ಉಪ್ಪಿನ ಡಬ್ಬಿಯನ್ನೇ ಕೊಟ್ಟು ಬರುವ ನನ್ನ ಚಿಕ್ಕಮ್ಮನಿಗೆ. ಕ್ಯಾನ್ಸರ್ ಬಂದು ಅವಳ ಎಡಮೊಲೆಯನ್ನು ತೆಗೆದು ಆಗ ಒಂದೂವರೆ ವರ್ಷವಾಗಿತ್ತು. ನನಗೆ ಆ ವಿಷಯದಲ್ಲಿ ಇದ್ದ ಯೋಗ್ಯತೆ ಎಂತದು ಎಂದು ನೀವು ಕೇಳಬಹುದು. ನಾನು ಯಕ್ಷಗಾನದಲ್ಲಿ ಸ್ತ್ರೀವೇಷ ಹಾಕುತ್ತೇನೆ.

ನಗಬೇಡಿ. ಅದು ಸಣ್ಣ ಯೋಗ್ಯತೆಯಲ್ಲ. ಶಾಲಾ ಕಲೋತ್ಸವದಲ್ಲಿ ಮಿಮಿಕ್ರಿಗೆ ಎ ಗ್ರೇಡು ಸಿಕ್ಕಿದ ದಿನದಿಂದ ನಾನು ಕಂಡವರನ್ನೆಲ್ಲ ಅನುಕರಿಸಿಕೊಂಡೇ ಬದುಕಿದವನು. ಬಸ್ಸಿನ ಕಂಡಕ್ಟರು, ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಗದರುವ ಪಂಚಾಯತಿನ ಗುಮಾಸ್ತ, ಕನ್ನಡಿಯ ಮುಂದೆ ಹೀರೋ ಆಗುವ ನಾನು, ಯಾರನ್ನೂ ಬಿಟ್ಟಿಲ್ಲ. ಮೊದಲ ಸಲ ಸಖಿಯ ವೇಷ ಹಾಕಿದಾಗ ರವಕೆಯೊಳಗೆ ಎರಡು ತೆಂಗಿನ ಗೆರಟೆ ಚಿಪ್ಪು ಕಟ್ಟಿಕೊಂಡಿದ್ದೆ. ಭಾಗವತರಿಗೆ ಬಾಗಿ ನಮಸ್ಕರಿಸುವಾಗ ಅವೆರಡೂ ಒಂದಕ್ಕೊಂದು ಬಡಿದು ಟಕ್ ಎಂದವು. ಚೆಂಡೆಯವರು ಅದನ್ನು ತಾಳವೆಂದು ತಿಳಿದು ಒಂದು ಏಟು ಹೆಚ್ಚೇ ಹಾಕಿದರು. ಅಲ್ಲಿಂದ ಹಳೆಬಟ್ಟೆ, ಹತ್ತಿ, ಸ್ಪಂಜು ಎಂದು ಸಂಶೋಧನೆ ಮಾಡುತ್ತಾ ಬಂದು, ಈಗ ಈ ವಿಷಯದಲ್ಲಿ ನನ್ನನ್ನು ಬಿಟ್ಟರೆ ಇಲ್ಲ ಎಂಬ ಸ್ಥಿತಿಗೆ ತಲುಪಿದ್ದೆ. ತಲುಪಿದ್ದೆ ಎಂದು ತಿಳಿದಿದ್ದೆ.

ಚಿಕ್ಕಮ್ಮನಿಗೆ ಆಯ್ಕೆಗಳು ಇರಲಿಲ್ಲವೆಂದಲ್ಲ. ಮಂಗಳೂರಿನ ಡಾಕ್ಟರು ಹೊಟ್ಟೆಯ ಮಾಂಸ ತೆಗೆದು ಹೊಸತೇ ಒಂದನ್ನು ಮಾಡಿಕೊಡಬಹುದು ಎಂದಿದ್ದರು. "ಹೊಟ್ಟೆ ಅದರಷ್ಟಕ್ಕೆ ಕೂತಿದೆ ಡಾಕ್ಟ್ರೆ. ಅದಕ್ಕೆ ಈ ಪ್ರಾಯದಲ್ಲಿ ಟ್ರಾನ್ಸ್‌ಫರ್ ಎಂತಕ್ಕೆ?" ಎಂದು ಕೇಳಿದಳಂತೆ. ಆಮೇಲೆ ರವಕೆಯೊಳಗೆ ಇಟ್ಟುಕೊಳ್ಳುವ ಸಿಲಿಕೋನಿನದ್ದೊಂದು ಮನೆಗೆ ಬಂತು. ಮುಟ್ಟಿದರೆ ಮೆತ್ತಗೆ, ಎತ್ತಿದರೆ ಒಳ್ಳೆ ಭಾರ. ಎರಡು ತಿಂಗಳು ಹಾಕಿದಳು. ಆದರೆ ಇಡ್ಲಿ ಬೇಯುವ ಹಬೆಯ ಎದುರು ನಿಂತವಳಿಗೆ ಅದರ ಅಡಿಯಲ್ಲಿ ಬೆವರೋ ಬೆವರು. ಒಂದು ದಿನ ದೋಸೆಹಿಟ್ಟಿಗೆ ಬಾಗಿದವಳು ಎದ್ದು ನಿಂತಾಗ ಅದು ಭುಜದ ಹತ್ತಿರ ಬಂದು ಗಿರಾಕಿಗಳನ್ನು ಇಣುಕಿ ನೋಡುತ್ತಿತ್ತು. ಅಂದೇ ಅದು ಪೆಟ್ಟಿಗೆ ಸೇರಿ ಕಪಾಟಿನೊಳಗೆ ಹೋಯಿತು. ತನ್ನ ರವಕೆಗಳ ಹೊಲಿಗೆಯನ್ನೆಲ್ಲ ಬಿಚ್ಚಿಸಿ, ಎಡಬದಿಯ ಮಡಿಕೆ ತೆಗೆಸಿ, ಚಪ್ಪಟೆಯಾಗಿ ಹೊಲಿಸಿಕೊಂಡಳು.

ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದವರು ಮೊಗ್ರಾಲಿನ ನಫೀಸಕ್ಕ. ಅದೇ ಕಾಯಿಲೆ, ಅದೇ ಆಪರೇಷನ್, ಅದೇ ಸಿಲಿಕೋನು. ಆದರೆ ಅವರಿಗೆ ಅದೆಂದರೆ ಪ್ರಾಣ. ಮಗನನ್ನು ನೋಡಲು ದುಬೈಗೆ ಹೋದಾಗಲೂ ಅದು ಜೊತೆಗೇ ಹೋಗಿ ಬಂದಿದೆ. "ನಂಗೆ ಅದಿಲ್ಲದಿದ್ರೆ ಒಂದು ಬದಿಗೆ ವಾಲಿದ ಹಾಗೆ ಆಗ್ತದೆ ಮಾರಾಯ್ತಿ" ಎಂದು ಅವರ ವಾಯ್ಸ್ ಮೆಸೇಜು ಬರುತ್ತದೆ. "ನಂಗೆ ಅದಿದ್ರೆ ವಾಲಿದ ಹಾಗೆ ಆಗ್ತದೆ" ಎಂದು ಇವಳ ಉತ್ತರ ಹೋಗುತ್ತದೆ. ಇಬ್ಬರೂ ವಾರಕ್ಕೆರಡು ಸಲ ಹೀಗೆ ಮಾತಾಡುತ್ತಾರೆ. ಒಬ್ಬರು ಇನ್ನೊಬ್ಬರಿಗೆ ಒಂದು ದಿನವೂ ಬುದ್ಧಿ ಹೇಳಿದ್ದಿಲ್ಲ. ನಾನು ನಫೀಸಕ್ಕನ ಸ್ವರವನ್ನು ಕೆಮ್ಮು ಸಮೇತ ಕಲಿತೆ, ಈ ಒಂದು ಗುಣವನ್ನು ಮಾತ್ರ ಕಲಿಯಲಿಲ್ಲ.

ಕದ್ದು ನೋಡುವುದು ಅನುಕರಿಸುವವನ ಕಸುಬು. ಹಾಗಾಗಿ ಚಿಕ್ಕಮ್ಮ ಬದಲಾದದ್ದು ನನಗೆ ಎಲ್ಲರಿಗಿಂತ ಮೊದಲು ಕಂಡಿತ್ತು. ಚೀಲ ಬಲಗೈಗೆ ಹೋಯಿತು. ಬಸ್ಸಿನಲ್ಲಿ ಎಡಬದಿಗೆ ಯಾರೂ ತಾಗದ ಹಾಗೆ ಕಿಟಕಿಯ ಸೀಟು ಹುಡುಕತೊಡಗಿದಳು. ಎಡಗೈ ಮೇಲೆ ಏಳದೆ ಇದ್ದಾಗ, ಆಸ್ಪತ್ರೆಯಲ್ಲಿ ಹೇಳಿಕೊಟ್ಟಂತೆ ಬೆರಳುಗಳನ್ನು ಗೋಡೆಯ ಮೇಲೆ ಹಲ್ಲಿಯ ಹಾಗೆ ಹತ್ತಿಸುತ್ತಿದ್ದಳು. ದಿನಕ್ಕೊಂದು ಪೆನ್ಸಿಲ್ ಗೆರೆ. ಬೆರಳು ಕ್ಯಾಲೆಂಡರಿನ ಮೊಳೆಗೆ ಮುಟ್ಟಿದ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ನೀರುಳ್ಳಿ ಬಜೆ ಫ್ರೀ. ಯಾಕೆಂದು ಯಾರೂ ಕೇಳಲಿಲ್ಲ. ಬಜೆಗೆ ಕಾರಣ ಕೇಳುವಷ್ಟು ಮೂರ್ಖರು ನಮ್ಮೂರಲ್ಲಿಲ್ಲ.

ಎಲ್ಲ ಸುಖವಾಗಿಯೇ ಇತ್ತು, ನನ್ನ ಅಕ್ಕನ ಮದುವೆ ನಿಶ್ಚಯವಾಗುವವರೆಗೆ. ಮದುಮಗಳಿಗೆ ಆರತಿ ಎತ್ತಬೇಕಾದವಳು ಚಿಕ್ಕಮ್ಮ. ಅಕ್ಕನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಅಮ್ಮನಿಗೆ ಹೆದರಿಕೆ ಶುರುವಾಯಿತು. "ಗಂಡಿನ ಕಡೆಯವರು ನೋಡ್ತಾರೆ. ವಿಡಿಯೋದವ ಬೇರೆ ಹತ್ತಿರ ಹತ್ತಿರ ಬರ್ತಾನೆ. ಅದೊಂದು ದಿನ ಆ ಪೆಟ್ಟಿಗೆಯದ್ದನ್ನು ಹಾಕಿಕೊಳ್ಳಿಕ್ಕೆ ಇವಳಿಗೆ ಎಂತ ಕಷ್ಟ?" ಎಂದು ದಿನಕ್ಕೆ ಹತ್ತು ಸಲ ಹೇಳಿದಳು. ಚಿಕ್ಕಮ್ಮ ಜಗಳ ಮಾಡಲಿಲ್ಲ. "ಅದನ್ನು ಹಾಕಿದ್ರೆ ಮಾತ್ರ ಆರತಿ ಅಂತಾದ್ರೆ ಬೇಡ ಅಕ್ಕ. ನಾನು ಹಿಂದೆ ಪಾಯಸದ ಹತ್ತಿರ ಇರ್ತೇನೆ" ಎಂದಳು, ಅಷ್ಟೆ. ಇದನ್ನು ಕೇಳಿ ಮದುಮಗಳಾದ ನನ್ನ ಅಕ್ಕ, "ಹಾಗಾದ್ರೆ ನಾನೂ ಪಾಯಸದ ಹತ್ತಿರವೇ ಇರ್ತೇನೆ. ಮದುಮಗ ಅಲ್ಲಿಗೇ ಬರ್ಲಿ" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು.

ಅಮ್ಮ ಕೆಟ್ಟವಳಲ್ಲ. ತಂಗಿಯ ತಲೆಗೂದಲು ಉದುರಿದಾಗ ಅವಳ ಎದುರು ನಗುತ್ತಾ ಕೂತು, ಬಚ್ಚಲಿಗೆ ಹೋಗಿ ಅತ್ತವಳು. ಅವಳಿಗೆ ಬೇರೆಯವರ ಕಣ್ಣಿನ ಭಯ. ಕೂತು ಯೋಚಿಸಿದರೆ ನಮ್ಮ ಮನೆಯಲ್ಲಿ ಕಣ್ಣಿಗೆ ಕಾಣುವುದೆಲ್ಲ ಹುಟ್ಟಿನಿಂದ ಬಂದದ್ದೂ ಅಲ್ಲ. ಅಪ್ಪನ ಮೇಲಿನ ಹಲ್ಲುಗಳು ಬೆಳಿಗ್ಗೆ ಸ್ಟೀಲಿನ ಲೋಟದಿಂದ ಎದ್ದು ಬರುತ್ತವೆ. ಮಾವನ ಮೀಸೆ ತಿಂಗಳಿಗೊಮ್ಮೆ ಪ್ರಾಯಕ್ಕೆ ಬರುತ್ತದೆ. ಅಮ್ಮನ ಜಡೆಯಲ್ಲಿ ಮದುವೆಯ ದಿನ ಅವಳದ್ದೆಷ್ಟು, ಚೌರಿಯದ್ದೆಷ್ಟು ಎಂಬುದು ಮಲ್ಲಿಗೆಗೆ ಮಾತ್ರ ಗೊತ್ತು. ಬೇಕೆನಿಸಿದವರು ಸಂತೋಷದಿಂದ ಹಾಕಿಕೊಳ್ಳಲಿ, ಚಂದವೇ. ಆದರೆ ಅಪ್ಪ ಹಲ್ಲು ಹಾಕಬೇಕೋ ಬೇಡವೋ ಎಂದು ಯಾರೂ ಮೀಟಿಂಗು ಕರೆದದ್ದು ನನಗೆ ನೆನಪಿಲ್ಲ.

ಇಷ್ಟು ಒಳ್ಳೆಯ ಯೋಚನೆ ನನಗೆ ಬಂದದ್ದು ಮದುವೆ ಕಳೆದ ಮೇಲೆ. ಮದುವೆಗೆ ಮೊದಲು ನಾನು ಅಮ್ಮನ ಪಕ್ಷದ ವಕೀಲ. "ನೀನು ವೇಷ ಹಾಕುವವ, ನೀನೇ ಹೇಳು" ಎಂದು ಅವಳು ಬೆನ್ನು ತಟ್ಟಿದ್ದೇ ತಟ್ಟಿದ್ದು, ನಾನು ಉಬ್ಬಿಹೋದೆ. ಸಿಲಿಕೋನು ಭಾರವಾದರೆ ಏನಾಯಿತು, ನನ್ನ ಹಗುರದ ಸ್ಪಂಜು ಉಂಟಲ್ಲ!

ಮದುವೆಯ ಬೆಳಿಗ್ಗೆ ಕಲ್ಯಾಣಮಂಟಪದ ಡ್ರೆಸ್ಸಿಂಗ್ ರೂಮಿಗೆ ಪ್ಲಾಸ್ಟಿಕ್ ಚೀಲ ಹಿಡಿದು ಹೋದೆ. ಅಕ್ಕ ಹೂವಿನಡಿ ಅರ್ಧ ಮುಚ್ಚಿಹೋಗಿ ಕೂತಿದ್ದಳು. ಅಮ್ಮ ಆರತಿಯ ತಟ್ಟೆ ಹಿಡಿದು ಅಳುವುದೋ ಗದರುವುದೋ ತಿಳಿಯದೆ ನಿಂತಿದ್ದಳು. ಚಿಕ್ಕಮ್ಮ ಬಾಯಲ್ಲಿ ಪಿನ್ನು ಕಚ್ಚಿಕೊಂಡು, ತನ್ನ ಚಪ್ಪಟೆ ರವಕೆಯ ಮೇಲೆ ಸೀರೆಯ ನೆರಿಗೆ ಸರಿಮಾಡುತ್ತಿದ್ದಳು. ಉಟ್ಟದ್ದು ಆರತಿಗೋ ಪಾಯಸಕ್ಕೋ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ.

ನಾನು ಬಾಗಿಲಿಗೆ ಅಡ್ಡ ನಿಂತು ಪಾಠ ಶುರುಮಾಡಿದೆ. ಅಂಗಿಯ ಮೇಲೆಯೇ ಸ್ಪಂಜು ಕಟ್ಟಿ, ಸೆರಗಿನ ಬದಲು ಟವೆಲು ಹೊದ್ದು, ರಾಣಿಯ ನಡಿಗೆ ನಡೆದೆ. ಅಕ್ಕ ನಕ್ಕು ಕಣ್ಣಿನ ಕಾಡಿಗೆ ಹಾಳುಮಾಡಿಕೊಂಡಳು. ಅಮ್ಮನೂ ನಕ್ಕಳು. ಚಿಕ್ಕಮ್ಮನ ಬಾಯಿಯ ಪಿನ್ನು ಕುಣಿಯಿತು. ಗೆದ್ದೆ ಎಂದುಕೊಂಡೆ.

"ನೋಡು ಚಿಕ್ಕಮ್ಮ, ಗಂಡಸಾದ ನಾನೇ ಎರಡೆರಡು ಕಟ್ಟಿಕೊಂಡು ಮೂರು ಗಂಟೆ ಕುಣಿಯುತ್ತೇನೆ. ನಿನಗೆ ಅರ್ಧ ಗಂಟೆಗೆ ಒಂದು ಭಾರವಾ?"

ಚಿಕ್ಕಮ್ಮ ಪಿನ್ನು ತೆಗೆದು ಭುಜಕ್ಕೆ ಚುಚ್ಚಿಕೊಂಡಳು. ಸೆರಗನ್ನು ಒಮ್ಮೆ ನೀವಿದಳು. ಅಮ್ಮನ ಕೈಯಿಂದ ಆರತಿಯ ತಟ್ಟೆ ತೆಗೆದುಕೊಂಡು ನನ್ನ ಎದುರು ಬಂದು ನಿಂತಳು.

"ನಿಂಗೆ ಅದು ಕಟ್ಟದೆ ಹೆಂಗ್ಸಾಗ್ಲಿಕ್ಕೆ ಆಗುದಿಲ್ಲ ಮಾರಾಯ, ನಂಗೆ ಆಗ್ತದೆ. ಬಾಗಿಲು ಬಿಡು."