ಹೀಟ್ ಪಂಪೋ ಗ್ಯಾಸೋ, ಹಿಟ್ಟು ಹೇಳಲಿ

ಗೆಳೆಯರೇ, ಈ ಚಳಿ ದೇಶದಲ್ಲಿ ನಮ್ಮ ಮನೆಯ ಹೀಟಿಂಗ್ ಕೆಟ್ಟು ಕೂತಿದೆ. ಯಜಮಾನರು, ಹೊರಗಿನ ಗಾಳಿಯ ಶಾಖವನ್ನೇ ಕರೆಂಟಿನಿಂದ ಎಳೆದು ಮನೆ ಬೆಚ್ಚಗಿಡುವ ಹೀಟ್ ಪಂಪ್ ಕೊಳ್ಳಲು ಸೈನ್ ಮಾಡುವುದರಲ್ಲಿದ್ದರು. ಬ್ರೋಷರ್ ಓದಿದಷ್ಟೂ ನನಗೆ ಮನೆ ಸಾಕಷ್ಟು ಬೆಚ್ಚಗಾಗದೇನೋ ಎಂಬ ಭಯ. "ಒಂದಿನ ತಡೀರಿ" ಎಂದೆ.

ನಿನ್ನೆ ದೋಸೆ ಹಿಟ್ಟು ರುಬ್ಬಿ, ಒಂದು ಪಾತ್ರೆಯನ್ನು ಗ್ಯಾಸ್ ಹೀಟಿಂಗ್ ಇರುವ ಪದ್ಮಾ ಆಂಟಿಯ ಮನೆಯಲ್ಲಿ, ಇನ್ನೊಂದನ್ನು ಹೀಟ್ ಪಂಪ್ ಇರುವ ಸುಧಾ ಅವರ ಮನೆಯಲ್ಲಿ ಇಟ್ಟುಬಂದೆ. ಬೆಳಿಗ್ಗೆ ತಂದು ನೋಡಿದರೆ ಎರಡೂ ಚೆನ್ನಾಗಿ ಉಬ್ಬಿದ್ದವು.

"ಆಯ್ತಲ್ಲ ನಿನ್ ಪರೀಕ್ಷೆ? ಈಗ ಸೈನ್ ಮಾಡ್ಲಾ?" ಎಂದರು ಯಜಮಾನರು.

ಮನಸ್ಸು ಕೇಳಲಿಲ್ಲ. ಇಬ್ಬರಿಗೂ ಫೋನ್ ಮಾಡಿ, ಪಾತ್ರೆ ಎಲ್ಲಿಟ್ಟಿದ್ದಿರಿ ಎಂದು ವಿಚಾರಿಸಿದೆ.

"ಅಡುಗೆಮನೆ ಕಟ್ಟೆ ಮೇಲೆ ಕಣಮ್ಮ, ಇನ್ನೆಲ್ಲಿ?" ಎಂದರು ಆಂಟಿ.

"ಓವನ್ ಒಳಗೆ, ಬೆಚ್ಚಗಿರ್ಲಿ ಅಂತ ಅದರ ಲೈಟ್ ಹಾಕಿ. ಹೊರಗಿಟ್ರೆ ನಮ್ಮನೇಲಿ ಉಬ್ಬಲ್ಲ ರೀ" ಎಂದರು ಸುಧಾ.

ಗ್ಯಾಸ್ ಹೀಟಿಂಗ್‌ನವನಿಗೆ ಬರಹೇಳಿದ್ದೇನೆ. ಅವನು ಬರುವತನಕ ಎರಡು ಪಾತ್ರೆ ಹಿಟ್ಟಿದೆ, ಒಲೆಯ ಮುಂದೆ ಬೆಚ್ಚಗಿರುತ್ತೇವೆ.