ಓನರಮ್ಮನಾಗಿ ಬರೆದದ್ದು

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಚೆಕಿಂಗ್ ಕೆಲಸ ಮಾಡುತ್ತಲೇ ನಾನು ಕತೆ ಬರೆಯಲು ಶುರು ಮಾಡಿದ್ದು. ಒಂದೆರಡು ಅಚ್ಚಾದ ಮೇಲೆ ಸಂಪಾದಕರು ಫೋನ್ ಮಾಡಿ, ನಿಮ್ಮ ಜನರ ನೋವನ್ನೇ ಬರೆಯಿರಿ, ಅದೇ ನಿಮ್ಮ ಶಕ್ತಿ ಎಂದರು. ನನಗೆ ಮೈ ಉರಿಯಿತು. ಉಳಿದವರು ರಾಜ, ಕಳ್ಳ, ಸನ್ಯಾಸಿ ಏನು ಬೇಕಾದರೂ ಆಗಿ ಬರೆಯಬಹುದು; ನಾನು ಮಾತ್ರ ಸಾಯುವ ತನಕ ನಾನೇ ಆಗಿರಬೇಕೇ? ಆ ಸಿಟ್ಟಿನಲ್ಲೇ ನಮ್ಮ ಬಾಡಿಗೆ ಮನೆಯ ಓನರಮ್ಮನನ್ನು ‘ನಾನು’ ಮಾಡಿಕೊಂಡು ಬರೆಯಲು ಕೂತೆ.

ಓನರಮ್ಮ ಅಲ್ಲಿನ ಹಳೆಯ ಮನೆತನದವರು. ಹೊಲವಿದ್ದ ಜಾಗದಲ್ಲಿ ಸಾಲಾಗಿ ಶೀಟಿನ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ನಾನೂ ಅವ್ವನೂ ರಾಯಚೂರು ಕಡೆಯಿಂದ ಬಂದು ಮನೆ ಕೇಳಿದಾಗ, ಅಡ್ವಾನ್ಸಿನ ಮಾತಿಗೂ ಮೊದಲು ಅವರು ಕೇಳಿದ್ದು ನೀವು ಯಾವ ಜನ ಎಂದು. ನಾವು ಊರ ಹೊರಗಿನ ಕೇರಿಯವರು. ನಿಜ ಹೇಳಿ ಅದಾಗಲೇ ನಾಲ್ಕಾರು ಬಾಗಿಲಿನಿಂದ ವಾಪಸಾಗಿದ್ದೆವು. ಅವ್ವ ತಡವರಿಸದೆ ನಮ್ಮೂರ ಗೌಡರ ಜಾತಿ ಹೇಳಿಬಿಟ್ಟಳು. ಆ ಗೌಡರು ಲಿಂಗ ಕಟ್ಟಿದವರು, ಮಾಂಸ ಮುಟ್ಟುವವರಲ್ಲ. ಹಾಗಾಗಿ ಮನೆಯ ಜೊತೆಗೆ ಸೊಪ್ಪುಸಾರೂ ನಮಗೆ ಗಂಟುಬಿತ್ತು. ಭಾನುವಾರ ಓನರ್ ಮನೆಯಿಂದ ಮಟನ್ ಸಾರಿನ ವಾಸನೆ ಬಂದರೆ ಅವ್ವ ಹಣೆ ತುಂಬ ವಿಭೂತಿ ಬಳಿದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆ ಸುಳ್ಳಿಗೆ ನನಗೆ ಇವತ್ತಿಗೂ ನಾಚಿಕೆಯಿಲ್ಲ, ಕೇಳಿದವರಿಗೆ ಇರಬೇಕು.

ನಾಲಗೆ ತಡೆಯದ ದಿನ ಅರ್ಧ ಕೆಜಿ ಕೋಳಿ ತಂದು, ಊದುಬತ್ತಿ ಹಚ್ಚಿಟ್ಟು, ಒಗ್ಗರಣೆಗೆ ಇಂಗು ಸುರಿದು ಬೇಯಿಸುತ್ತಿದ್ದೆವು. ಕಳ್ಳರ ಹಾಗೆ ಸದ್ದಿಲ್ಲದೆ ಉಣ್ಣುತ್ತಿದ್ದೆವು. ಓನರಮ್ಮನಿಗೆ ಇದು ಯಾವುದೂ ಗೊತ್ತಿರಲಿಲ್ಲ. ದಿನಾ ಸಂಜೆ ಒಳಗೆ ಬಂದು ಕೂತು, ಅವ್ವನ ಕೈಯ ಚಾ ಕುಡಿದೇ ಹೋಗುತ್ತಿದ್ದರು.

ಕತೆಯಲ್ಲಿ ಆಕೆಗೆ ಗೊತ್ತಾಗುತ್ತದೆ. ಬಾಡಿಗೆಯವರ ಬಾಗಿಲಿಗೆ ಬಂದವಳು ಇಂಗಿನ ಘಾಟಿನ ನಡುವೆಯೂ ಕೋಳಿಯ ವಾಸನೆ ಹಿಡಿಯುತ್ತಾಳೆ. ಹೇಳಿದ ಜಾತಿ ಸುಳ್ಳೆಂದು ಅರ್ಥವಾಗುತ್ತದೆ. ಆದರೂ ತಟ್ಟಲು ಎತ್ತಿದ ಕೈ ಇಳಿಸಿ ಸುಮ್ಮನೆ ಮನೆಗೆ ಹೋಗುತ್ತಾಳೆ. ಅದನ್ನು ಬರೆಯುವಾಗ ನನಗೆ ಆಕೆಯ ಮೇಲೆ ನಿಜವಾಗಿಯೂ ಪ್ರೀತಿ ಬಂದಿತ್ತು. ಹೆಸರಿಲ್ಲ, ಊರು ಬೇರೆ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ.

ಪತ್ರಿಕೆ ಅಂಚೆಯಲ್ಲಿ ಬಂದಾಗ ನಾನು ಕೆಲಸದಲ್ಲಿದ್ದೆ. ನಮ್ಮ ಬಾಡಿಗೆ ಮನೆಯ ಹುಡುಗಿ ಕತೆ ಬರೆದಿದ್ದಾಳೆ ಎಂಬ ಹೆಮ್ಮೆಗೆ ಓನರಮ್ಮನ ಸೊಸೆ ಕವರು ಒಡೆದು ಅತ್ತೆಗೆ ಓದಿ ಹೇಳಿದಳಂತೆ.

ಸಂಜೆ ನಾನು ಬಂದಾಗ ಅವ್ವ ಮೂಲೆಯಲ್ಲಿ ಕೂತಿದ್ದಳು. ಓನರಮ್ಮ ಹೊಸ್ತಿಲ ಹೊರಗೇ ನಿಂತಿದ್ದರು. ಇದೆಲ್ಲ ನಿಜವೇ ಎಂದು ಕೇಳಿದರು. ಬರೀ ಕಲ್ಪನೆ ಎನ್ನಬಹುದಿತ್ತು, ಆದರೆ ಅವ್ವನ ಮುಖವೇ ಎಲ್ಲ ಹೇಳುತ್ತಿತ್ತು. ನಿಜ ಎಂದೆ. ಅವರು ಬೈದರೆ ತಿರುಗಿಸಿ ಬೈಯಲು ಮಾತು ನಾಲಗೆಯ ತುದಿಯಲ್ಲೇ ಇತ್ತು. ಅವರು ಬೈಯಲಿಲ್ಲ. ಕಣ್ಣು ಒದ್ದೆಯಾಗಿತ್ತು.

“ನೀನು ಬರ್ದಿರೋ ಆಯಮ್ಮ ಒಳ್ಳೇವ್ಳು ಕಣಮ್ಮ. ಗೊತ್ತಾದ್ರೂ ಸುಮ್ಕೆ ವಾಪಸ್ ಓಯ್ತಾಳೆ. ಅಂಗಿರಕ್ಕೆ ನನ್ ಕೈಲಿ ಆಗಾಕಿಲ್ಲ. ಬರೋ ತಿಂಗ್ಳಿಗೆ ಬ್ಯಾರೆ ಮನೆ ನೋಡ್ಕಳಿ.”

ಇಷ್ಟು ಹೇಳಿ ನಿಧಾನಕ್ಕೆ ಮೆಟ್ಟಿಲು ಇಳಿದು ಹೋದರು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವ್ವ ಎದ್ದು ಬಾಗಿಲು ಹಾಕಿದಳು. ಆಮೇಲೆ ಕೇಳಿದಳು.

“ಆಕಿನ್ನ ಯಾಕ ಅಷ್ಟು ಚಲೋ ಮಾಡಿ ಬರದಿ?”

ಗೊತ್ತಾದ ಮೇಲೂ ಇಲ್ಲೇ ಇರಬೇಕು ಅಂತ ಆಸೆ ಇತ್ತು ಎಂದೆ.