ಸುಮಂಗಲಾ ಡಾಕ್ಟರ ಸಕ್ಕರೆ ಮಷೀನು

ಸುಮಂಗಲಾ ಡಾಕ್ಟರು ಮೊದಲು ತಮ್ಮ ಬೆರಳಿಗೆ ಚುಚ್ಚಿಕೊಳ್ಳುತ್ತಿದ್ದರು, ಆಮೇಲೆ ಕರುವಿನ ಕಿವಿಗೆ. ರಕ್ತದ ಸಕ್ಕರೆ ನೋಡುವ ಮಷೀನು ಇಬ್ಬರಿಗೂ ಒಂದೇ. ಔರಾದ ಕಡೆಯ ಹಳ್ಳಿಗಳಲ್ಲಿ ಜನ ಚೇಷ್ಟೆ ಮಾಡುತ್ತಿದ್ದರು: "ಮೇಡಂ, ನೀವು ದನದ ಡಾಕ್ಟರೋ, ಶುಗರ್ ಡಾಕ್ಟರೋ?"

"ದನದ ಡಾಕ್ಟರ್ ರೀ. ಶುಗರ್‌ಗೆ ನಾನೇ ಪೇಶೆಂಟ್."

ಭಾಲ್ಕಿಯ ಕಿರಾಣಿ ಅಂಗಡಿಯವರ ಮಗಳು ಅವರು. ಶಾಲೆಯ ದಿನಗಳಿಂದಲೇ ಇನ್ಸುಲಿನ್ ಚುಚ್ಚಿಕೊಂಡು ಬೆಳೆದವರು. ಅದರ ಬಗ್ಗೆ ನೆಂಟರ ಸುದ್ದಿ ಹೇಳಿದಷ್ಟು ಸಲೀಸಾಗಿ ಮಾತಾಡುತ್ತಿದ್ದರು.

ಠಾಣಾ ಕುಶನೂರಿನ ನಮ್ಮ ಮನೆಯಲ್ಲಿ ದೇವಣಿ ತಳಿಯ ಆಕಳು ಈದಾಗ, ಅವ್ವ ಪದ್ಧತಿಯಂತೆ ಮೊದಲ ಹಾಲಿನಲ್ಲಿ ಗಿಣ್ಣ ಕಾಸಿ ಓಣಿಗೆಲ್ಲ ಹಂಚಿದಳು. ಕರುವಿನ ಬಾಯಿಗೆ ಹೋದದ್ದು ಸ್ವಲ್ಪವೇ. ಕೆಲವು ದಿನಗಳಲ್ಲಿ ಅದರ ಹೊಕ್ಕುಳು ಬಾತು ಕೀವಾಯಿತು. ಒಂದು ಬೆಳಿಗ್ಗೆ ಕರು ಕತ್ತನ್ನೇ ಎತ್ತಲಿಲ್ಲ. ಫೋನ್ ಮಾಡಿದ ಕೂಡಲೇ ಡಾಕ್ಟರು ಸ್ಕೂಟಿ ಏರಿ ಬಂದರು.

"ಗಿಣ್ಣ ಛಲೋ ಆಗಿತ್ತೇನ್ರಿ ಅವ್ವಾರ?"

"ಎಲ್ಲರೂ ಹೊಗಳ್ಯಾರ ನೋಡ್ರಿ."

"ಕರಕ್ಕ ಕೇಳಿದ್ರೇನು? ರೋಗ ತಡಿಯೂ ಶಕ್ತಿ ಆ ಮೊದಲ ಹಾಲಿನಾಗೇ ಇರ್ತದ."

ಅವ್ವ ಸೆರಗು ಸರಿಮಾಡಿಕೊಂಡು ಕರುವಿನ ಹತ್ತಿರ ಕೂತಳು. ಡಾಕ್ಟರು ನಂಜಿಗೆ ಇಂಜೆಕ್ಷನ್ ಕೊಟ್ಟರು. ಕರುವಿನ ಸಕ್ಕರೆ ಪೂರಾ ಇಳಿದಿತ್ತು. ಗ್ಲೂಕೋಸ್ ಬಾಟಲಿ ತೂಗುಹಾಕಿ ಹನಿಹನಿಯಾಗಿ ಬಿಡತೊಡಗಿದರು. ಜೋರಾಗಿ ಬಿಟ್ಟರೆ ಬೇಗ ಏಳುತ್ತದಲ್ಲ ಎಂದೆ.

"ಆರಾಮ ಇದ್ದ ಕರಕ್ಕ ಸಕ್ಕರಿ ಹೋದ್ರ ಇನ್ಸುಲಿನ್ ತಾನೇ ಓಡಿ ಬರ್ತದ. ನಂಜು ಏರಿದ ಎಳೀ ಕರದಾಗ ಹಂಗಲ್ಲ. ಒಮ್ಮೊಮ್ಮೆ ಬರಂಗೇ ಇಲ್ಲ, ಬಂದ್ರೂ ಮೈ ಅದರ ಮಾತು ಕೇಳಂಗಿಲ್ಲ. ಜೋರ ಬಿಟ್ರ ಸಕ್ಕರಿ ಒಮ್ಮೆಲೇ ಏರಿ ಕುಂದರ್ತದ. ಅದಕ್ಕ ಹನಿ ಹನಿ ಬಿಡೂದು, ಮತ್ತ ಮತ್ತ ನೋಡೂದು."

ಹಾಗೆ ನೋಡುತ್ತಲೇ ಬಿಸಿಲೇರಿತು. ಡಾಕ್ಟರು ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡಿದ್ದರು, ಆದರೆ ಏನೂ ತಿಂದಿರಲಿಲ್ಲ; ರೊಟ್ಟಿಯ ಡಬ್ಬಿ ಸ್ಕೂಟಿಯಲ್ಲೇ ಉಳಿದಿತ್ತು. ನನ್ನನ್ನು ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರು. ಹಣೆ ಬೆವರಿತು, ಕೈ ನಡುಗಿತು. ಗೋದಲಿಗೆ ಒರಗಿ ಕುಸಿದರು. "ಸಕ್ಕರಿ" ಎಂದದ್ದು ಅರ್ಧ ಕೇಳಿಸಿತು.

ಒಳಗೆ ಓಡಿ ಹಿಡಿ ಸಕ್ಕರೆ ತಂದೆ. ಅವ್ವ ನನ್ನ ಕೈ ಹಿಡಿದಳು.

"ಹುಚ್ಚ ಹಿಡದದೇನು? ಶುಗರ್ ಇದ್ದವರಿಗೆ ಸಕ್ಕರಿ ಹಾಕ್ತಾರೇನು? ಸತ್ತು ಗಿತ್ತಾರು!"

ಹಾಲು ಕರೆದು ಗಟ್ಟಿಯಾದ ಕೈ ಅದು. ಬಿಡಿಸಿಕೊಳ್ಳಲು ಆಗಲಿಲ್ಲ. ಡಾಕ್ಟರ ಕಣ್ಣುಗಳು ಮುಚ್ಚುತ್ತಿದ್ದವು. ಇನ್ಸುಲಿನ್ ಬಗ್ಗೆ ನಾನು ಕಾಲೇಜಿನಲ್ಲಿ ಓದಿದ ಒಂದು ಸಾಲೂ ಬಾಯಿಗೆ ಬರಲಿಲ್ಲ. ಬಾಟಲಿ ಕಂಡಿತು.

"ಅವ್ವಾ, ಇವ್ರು ಕರಕ್ಕ ಬಿಡಾಕತ್ತಿದ್ದೂ ಸಕ್ಕರೀನ ಅಲ್ಲೇನು?"

ಅವ್ವ ಬಾಟಲಿ ನೋಡಿದಳು, ಡಾಕ್ಟರ ಬಿಳಿಚಿದ ತುಟಿ ನೋಡಿದಳು, ಕೈ ಬಿಟ್ಟಳು. ಸಕ್ಕರೆಯನ್ನು ಅವರ ಕೆನ್ನೆಯ ಒಳಬದಿಗೆ ಚೂರುಚೂರೇ ತಿಕ್ಕಿದೆ. ಆ ಹಿಡಿತ ಸಡಿಲಾಗುವ ಮೊದಲಿನ ಗಳಿಗೆ ಇವತ್ತಿಗೂ ನನ್ನ ಮಣಿಕಟ್ಟಿನಲ್ಲಿದೆ. ಅವ್ವ ಬಿಡದೇ ಹೋಗಿದ್ದರೆ ಎಂದು ಬಸ್ಸಿನಲ್ಲಿ ಕೂತಾಗ, ಊಟಕ್ಕೆ ಕೂತಾಗ ನೆನಪಾಗುತ್ತದೆ.

ಎಚ್ಚರಾದ ಡಾಕ್ಟರು ಮೊದಲು ಕೇಳಿದ್ದು, "ಡ್ರಿಪ್ ಯಾರೂ ಜೋರ ಮಾಡಿಲ್ಲಲ್ಲ?"

ಕರು ಬದುಕಿತು. ಮುಂದೆ ಡಾಕ್ಟರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಬೀಳ್ಕೊಡಲು ಅವ್ವನೂ ನಾನೂ ಬೀದರ ಬಸ್ ಸ್ಟ್ಯಾಂಡಿಗೆ ಹೋದೆವು.

"ಅಲ್ಲಿ ನಿಮ್ಮ ಜೋಡಿ ಕೆಲಸ ಮಾಡೋರಿಗೆ ಶುಗರ್ ಸುದ್ದಿ ಹೇಳೀರೇನ್ರಿ?" ಎಂದಳು ಅವ್ವ.

"ಹೋದ ಕೂಡಲೇ ಹ್ಯಾಂಗ ಹೇಳ್ಲಿ ಅವ್ವಾರ? ಮೊದಲ ದನಗೋಳ ಪರಿಚಯ ಆಗಲಿ," ಎಂದು ಕಿಟಕಿಯಿಂದ ನಕ್ಕರು.

ಅವ್ವ ನಗಲಿಲ್ಲ. ಬಸ್ಸಿನ ಮೆಟ್ಟಿಲೇರಿ ಕಂಡಕ್ಟರನನ್ನು ಕರೆದಳು.

"ತಮ್ಮಾ, ಕಿಟಕಿ ಕಡಿ ಕುಂತಾರಲ್ಲ ಆ ಮೇಡಂ, ಅವರಿಗೆ ಶುಗರ್ ಅದ. ಚಕ್ಕರ್ ಬಂದ್ರ ಬಾಯಾಗ ಸಕ್ಕರಿ ಹಾಕು."

"ಶುಗರ್ ಇದ್ದವರಿಗೆ ಸಕ್ಕರೀನಾ ಯವ್ವಾ?"

"ಹೌದಪಾ, ಸಕ್ಕರೀನ. ಈಗ ನೀ ಹೇಳು, ಏನ್ ಹಾಕ್ತಿ?"

ಡ್ರೈವರು ಹಾರ್ನ್ ಹೊಡೆಯುತ್ತಲೇ ಇದ್ದ. ಕಂಡಕ್ಟರನ ಬಾಯಿಂದ ಆ ಮಾತು ಬರುವತನಕ ಅವ್ವ ಕೆಳಗಿಳಿಯಲಿಲ್ಲ.